ಧ್ವನಿವರ್ಧಕವಿಲ್ಲದ ತೀರ

ಹೀಗೂ ಆಗುತ್ತದೆಯೇ ಎಂದು ಕೇಳುವವರು ಈಗಲೇ ಕೇಳಿ ಮುಗಿಸಿಬಿಡಿ. ಆಗಿದೆ, ಮೆಕ್ಸಿಕೋದ ನಮ್ಮ ಕೊಸುಮೆಲ್ ದ್ವೀಪದಲ್ಲೇ ಆಗಿದೆ. ಪ್ರವಾಸಿ ಹಡಗಿನಿಂದ ಇಳಿದ ಜನವೆಲ್ಲ ಜಾರುಬಂಡೆ, ಡಿಜೆ, ನೊರೆಯಾಟ ಇರುವ ಬೀಚ್ ಕ್ಲಬ್‌ಗಳ ಕಡೆ ಓಡುತ್ತಿದ್ದಾಗ, ಹಸಿರು ಟೋಪಿಯ ವಿಲ್ಮಾ ಒಬ್ಬಳೇ ಟ್ಯಾಕ್ಸಿಯವನ ಜೊತೆ ವಾದಕ್ಕೆ ನಿಂತಿದ್ದಳು. ಅವನು ಹೊಗಳಿದ ಕ್ಲಬ್‌ನಲ್ಲಿ ಹಾಡಿತ್ತು, ಕುಣಿತವಿತ್ತು, ಕುಡಿದಷ್ಟೂ ಟಕೀಲಾ ಇತ್ತು. ಇವಳು ಆರಿಸಿದ ಕ್ಲಬ್‌ನಲ್ಲಿ ಏನೂ ಇರಲಿಲ್ಲ. ಅದಕ್ಕೇ ಆರಿಸಿದ್ದಳು.

"ಅಲ್ಲಿ ಏನಿದೆ ಅಂತ ಹೋಗ್ತೀರಿ ಸಿನ್ಯೋರಾ? ಹೋದೋರೆಲ್ಲ ಸುಮ್ನೆ ಮಲಗಿರ್ತಾರೆ, ಆಸ್ಪತ್ರೆ ಥರ."

"ಆಸ್ಪತ್ರೆ ನೋಡ್ಕೊಂಡೇ ಬಂದಿದ್ದೀವಪ್ಪಾ. ಅಲ್ಲೂ ಇಷ್ಟು ಗಲಾಟೆ ಇರ್ಲಿಲ್ಲ," ಎಂದು ಅವಳು ಗಂಡನನ್ನು ಒಳಗೆ ಕೂರಿಸಿದಳು.

ಗಂಡ ಡೆಲ್ಬರ್ಟ್ ಮಾತಾಡಲಿಲ್ಲ. ಹಿಂದೆಲ್ಲ ಇಂಥ ಹಡಗಿನ ಪ್ರವಾಸಗಳಲ್ಲಿ ಅವನು ಕೂತ ಊಟದ ಮೇಜೆಂದರೆ ನಾಟಕದ ಕಂಪನಿ. ಕ್ಯಾಪ್ಟನ್ನಿನ ಗತ್ತು, ಅಡುಗೆಯವನ ಗೊಣಗು, ವಿಲ್ಮಾಳ ತಾಯಿ ಫೋನೆತ್ತುವ ರಾಗ, ಎಲ್ಲವೂ ಆ ಒಂದೇ ಬಾಯಲ್ಲಿ. ಒಮ್ಮೆಯಂತೂ ಕ್ಯಾಪ್ಟನ್ನಿನ ದನಿಯಲ್ಲಿ ಕೂಗಿ, ಒಂದು ಸಾಲಿನ ಕೋಣೆಗಳ ಜನರಿಗೆಲ್ಲ ಜೀವರಕ್ಷಕ ಜಾಕೆಟ್ ತೊಡಿಸಿ ಹೊರಗೆ ನಿಲ್ಲಿಸಿದ್ದ. ಕಳೆದ ಚಳಿಗಾಲದಲ್ಲಿ ಗಂಟಲಿಗೆ ಕ್ಯಾನ್ಸರ್ ಬಂತು. ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನಲ್ಲಿ ಉಸಿರಿಗೊಂದು ತೂತು, ಅದರ ಮೇಲೊಂದು ತೆಳು ಕರವಸ್ತ್ರ. ಕತ್ತಿಗೆ ಒತ್ತಿಹಿಡಿದು ಮಾತಾಡಲೆಂದು ಟಾರ್ಚಿನಷ್ಟುದ್ದದ ಒಂದು ಯಂತ್ರ ಕೊಟ್ಟಿದ್ದರು. ಮನೆಯಲ್ಲಿ ಒಂದೇ ಸಲ ಅದನ್ನು ಬಳಸಿದ. ವಿಲ್ಮಾ ಅಡುಗೆಮನೆಯಿಂದ ಬರುವಷ್ಟರಲ್ಲಿ ನಾಯಿ ಹೆದರಿ ಮಂಚದ ಕೆಳಗೆ ಸೇರಿತ್ತು, ಯಂತ್ರ ಕಾಲುಚೀಲದೊಳಗೆ ಸೇರಿತ್ತು, ಡೆಲ್ಬರ್ಟ್ ತನ್ನೊಳಗೆ ಸೇರಿದ್ದ.

ಈ ಸಲ ಹಡಗಿನಲ್ಲಿ ಹಳೆಯ ಪರಿಚಯದವರು ಬೆನ್ನು ತಟ್ಟಿ, ಎಲ್ಲಿ, ಒಂದು ಕ್ಯಾಪ್ಟನ್ ಆಗಲಿ ಎಂದಾಗಲೆಲ್ಲ ಅವನು ತಟ್ಟೆ ನೋಡುತ್ತಿದ್ದ. ಅದನ್ನು ನೋಡಲಾರದೆ ವಿಲ್ಮಾ ಹುಡುಕಿದ್ದು ಈ ಕ್ಲಬ್. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಧ್ವನಿವರ್ಧಕವಂತೂ ಇಲ್ಲವೇ ಇಲ್ಲ. ಕೈಗೆ ಪ್ರವೇಶದ ಪಟ್ಟಿ ಕಟ್ಟಿಸಿಕೊಳ್ಳುವಾಗ ಕೌಂಟರಿನ ಹುಡುಗಿ ನಯೇಲಿಯನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ನಯೇಲಿ ಪಿಸುದನಿಯಲ್ಲೇ ಆಣೆ ಇಟ್ಟಳು.

ಗರಿಯ ಚಪ್ಪರದ ಕೆಳಗೆ ಒರಗುಮಂಚಗಳು. ಡೆಲ್ಬರ್ಟ್ ಪಾನಕ ಕುಡಿದು ಹುಲ್ಲಿನ ಟೋಪಿಯನ್ನು ಮುಖದ ಮೇಲೆಳೆದುಕೊಂಡ. ವಿಲ್ಮಾ ಬೋರಲು ಮಲಗಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಕಣ್ಣು ಹತ್ತಿತು.

"ಗಮನಿಸಿ. ಗಮನಿಸಿ," ಎಂದಿತು ಏರಿಳಿತವಿಲ್ಲದ ತಗಡಿನ ದನಿಯೊಂದು. "ಚಪ್ಪರದ ಕೆಳಗಿನ ಅತಿಥಿಗಳೇ. ನಿಮ್ಮ ಒಂದು ಬದಿ ಬೆಂದಿದೆ. ದಯವಿಟ್ಟು ಮಗುಚಿಕೊಳ್ಳಿ."

ಹಡಗಿನ ಘೋಷಣೆ ಹೇಳಿದಂತೆ ವಾರವಿಡೀ ಎದ್ದು, ಉಂಡು, ಸಾಲುಗಟ್ಟಿ ಪಳಗಿದ ಮೈ; ವಿಲ್ಮಾ ನಿದ್ದೆಗಣ್ಣಲ್ಲೇ ಮಗುಚಿಕೊಂಡಳು. ಪಕ್ಕದ ಚಪ್ಪರದ ಗಂಡಹೆಂಡಿರೂ ಮಗುಚಿಕೊಂಡರು. ಸಿಟ್ಟು ಬಂದದ್ದು ಆಮೇಲೆ. ಗಂಡನ ಕಡೆ ನೋಡಿದಳು. ಟೋಪಿ ಮುಖದ ಮೇಲೇ ಇತ್ತು. ಪಾಪ, ಇವನ ನಿದ್ದೆಯನ್ನೂ ಕೆಡಿಸಿದರೋ ಏನೋ ಎಂದು ಬರಿಗಾಲಲ್ಲೇ ಕೌಂಟರಿಗೆ ನಡೆದಳು. ಕೌಂಟರು ದೂರವೇನಿರಲಿಲ್ಲ.

"ನನ್ನ ಗಂಡನ್ನ ಯಾರೂ ಮಾತಾಡಿಸಬಾರ್ದು ಅಂತ ಹುಡುಕಿ ಹುಡುಕಿ ಇಲ್ಲಿಗೆ ಕರ್ಕೊಂಡು ಬಂದ್ರೆ, ಮೈಕ್ ಹಾಕ್ಕೊಂಡು ಮಗುಚಿಕೊಳ್ಳಿ ಅಂತೀರಲ್ಲಮ್ಮಾ. ನಾವೇನು ದೋಸೆನಾ?"

"ನಮ್ಮಲ್ಲಿ ಮೈಕೇ ಇಲ್ಲ ಸಿನ್ಯೋರಾ," ಎಂದಳು ನಯೇಲಿ, ತಾನೂ ಆಚೀಚೆ ನೋಡುತ್ತ.

"ಗಮನಿಸಿ. ಕೌಂಟರಿನಲ್ಲಿ ಜಗಳಕ್ಕೆ ನಿಂತಿರುವ ಹಸಿರು ಟೋಪಿಯ ಮಹಿಳೆ. ನಿಮ್ಮ ಗಂಡನ ಪಾನಕ ಮುಗಿದಿದೆ. ಬರುವಾಗ ಇನ್ನೊಂದು ತರತಕ್ಕದ್ದು."

ವಿಲ್ಮಾ ತಿರುಗಿದಳು. ಮರಳಿನ ಮೇಲೆ ಒಂದು ಕಾಲುಚೀಲ ಬಿದ್ದಿತ್ತು. ಡೆಲ್ಬರ್ಟ್ ಎದ್ದು ಕೂತಿದ್ದ, ಯಂತ್ರ ಕತ್ತಿಗೊತ್ತಿಕೊಂಡು, ಹಿಂದೆ ಕ್ಯಾಪ್ಟನ್ ಆಗುವಾಗ ಏರಿಸುತ್ತಿದ್ದ ಆ ಎಡ ಹುಬ್ಬನ್ನು ಅಷ್ಟೇ ಎತ್ತರಕ್ಕೆ ಏರಿಸಿಕೊಂಡು.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಾಳೆಂದುಕೊಂಡು ನಯೇಲಿ ಕಾಗದದ ಕರವಸ್ತ್ರ ಮುಂದೆ ಮಾಡಿದಳು. ಅಷ್ಟರಲ್ಲಿ ನಗು ಕೈ ಮೀರಿ ಬಂತು. ಗಂಡನ ಹತ್ತಿರ ಹೋಗುವಷ್ಟರಲ್ಲಿ ಮರಳಲ್ಲೇ ಕೂತುಬಿಟ್ಟಳು; ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮಗುಚಿಕೊಳ್ಳಿ, ಮಗುಚಿಕೊಳ್ಳಿ ಎಂದು ತಾನೇ ಹೇಳಿಕೊಂಡು ನಕ್ಕಳು. ಒಂದೊಂದೇ ಚಪ್ಪರದಿಂದ ತಲೆಗಳೆದ್ದವು. ಯಾರೋ ತುಟಿಗೆ ಬೆರಳಿಟ್ಟು ಉಶ್ ಎಂದರು.

ಕೊನೆಗೆ ನಯೇಲಿಯೇ ಮರಳಲ್ಲಿ ಕಾಲೆಳೆಯುತ್ತ ಬಂದು, ಡೆಲ್ಬರ್ಟನ ಕಡೆ ಬಾಗಿ, ಮೆಲ್ಲಗೆ ಕೇಳಿದಳು.

"ಸಿನ್ಯೋರ್, ಈ ಅಮ್ಮ ನಿಮ್ಮ ಕಡೆಯವ್ರೇ ಅಲ್ವಾ?"

ಡೆಲ್ಬರ್ಟ್ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಂತ್ರವನ್ನು ಕತ್ತಿಗಿಟ್ಟುಕೊಂಡ.

"ಅಲ್ಲ. ಯಾರೋ ಗಲಾಟೆಯವರು. ಡಿಜೆ ಇರುವ ಕ್ಲಬ್‌ಗೆ ಕಳಿಸಿ."

ವಿಲ್ಮಾ ನಕ್ಕ ಸದ್ದಿಗೆ ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಪೆಲಿಕನ್ ಹಕ್ಕಿ ಎದ್ದು ಹಾರಿಹೋಯಿತು.