ಸೂಲಗಿತ್ತಿಯ ಚಿಲುಮೆ

ಒಳಗೆ ಲೂಲಾ ಚೀರಿದಳು. ಹೊರಗೆ ಜಗಲಿಯಲ್ಲಿ ಅವಳ ಗಂಡ ಹೋಬರ್ಟನ ಚಾಕು ಮುಸುಕಿನ ಜೋಳದ ದಿಂಡಿನಿಂದ ಜಾರಿ ಹೆಬ್ಬೆರಳನ್ನು ಗೀರಿತು. ಕೆಂಟಕಿಯ ಆ ಕಣಿವೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ ಒಂದರಂತೆ ಸೂಲಗಿತ್ತಿ ಆರ್ಫಜ್ಜಿಗೆ ಅಪ್ಪನೇ ಅಂಥ ದಿಂಡಿನಿಂದ ಹೊಗೆ ಸೇದುವ ಚಿಲುಮೆ ಕೆತ್ತಿಕೊಡಬೇಕು. ಗಂಡಸರನ್ನು ಹೆರಿಗೆ ಕೋಣೆಯಿಂದ ದೂರವಿಡಲು ಅದಕ್ಕಿಂತ ಗಟ್ಟಿ ಅಗುಳಿಯಿಲ್ಲವೆಂಬುದು ಅಜ್ಜಿಯ ಅನುಭವ.

ಹೋಬರ್ಟ್ ಚಿಲುಮೆಗೆ ಜೊಂಡಿನ ಕೊಳವೆ ಸಿಕ್ಕಿಸುತ್ತಿದ್ದಾಗ ಕೂಸಿನ ಅಳು ಕೇಳಿತು. ಬಹಳ ಹೊತ್ತಿನ ಮೇಲೆ ಅಜ್ಜಿ ಹೊರಬಂದಳು.

"ಲೂಲಾ ಹೆಂಗವ್ಳೆ, ಅಜ್ಜಿ?"

"ನಿನ್ನ ಬಯ್ಯೋಷ್ಟು ಗಟ್ಟಿಯಾಗವ್ಳೆ. ಕೊಡಿಲ್ಲಿ."

ಅಜ್ಜಿ ಹೊಗೆಸೊಪ್ಪು ತುಂಬಿ, ಕೆಂಡವಿಟ್ಟು, ಕಣ್ಣು ಮುಚ್ಚಿ ಒಂದು ದಮ್ಮೆಳೆದಳು. ಹೊಗೆ ಸಲೀಸಾಗಿ ಬಂತು. ಆಮೇಲೆ ಬುಟ್ಟಿಯಿಂದ ಇನ್ನೊಂದು ದಿಂಡನ್ನು ತೆಗೆದು ಅವನ ಕೈಗಿಟ್ಟಳು.

ಹೋಬರ್ಟನ ಮುಖ ಸಪ್ಪಗಾಯಿತು. "ಯಾಕಜ್ಜಿ, ಇದು ಕೆಟ್ಟೋಯ್ತಾ?"

"ಇದು ಚೆನ್ನಾಗೈತೆ ಕಣ್ಲಾ. ಇದು ನಿನ್ನ ಮಗಳದು. ಮಗನದೆಲ್ಲಿ?"