ಕೊಚ್ಚಿಯ ರಾಗ

ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ, ಮಗ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನ ಬಾಗಿಲಲ್ಲೇ ಜಗಳಕ್ಕೆ ನಿಂತ. ತೀರಿಹೋದ ತಂದೆಗಾಗಿ ಮಗ ಹೇಳಿ, ಸೇರಿದವರು ಆಮೆನ್ ಎನ್ನಬೇಕಾದ ಕದ್ದೀಶ್ ಪ್ರಾರ್ಥನೆಯನ್ನು ಯಾವ ರಾಗದಲ್ಲಿ ಹೇಳುವುದು ಎಂಬುದೇ ಜಗಳ. ಅವನ ಮನೆಯವರು ಕೊಚ್ಚಿಯ ಯಹೂದಿಗಳು. ಸಿನಗಾಗು ಬಾಗ್ದಾದಿನಿಂದ ಬಂದ ಯಹೂದಿಗಳದು.

"ನಮ್ಮ ರಾಗದಲ್ಲೇ ಹೇಳೋನು ನಾನು."

"ಇಲ್ಲಿ ಇರೋದು ಒಂದೇ ರಾಗ ಕಣಪ್ಪ, ನಮ್ದು," ಎಂದರು ಸಿನಗಾಗಿನ ಹಿರಿಯರು.

"ಬದುಕಿರೋವರೆಗೂ ನಮ್ಮಪ್ಪ ನಿಮ್ಮ ರಾಗಕ್ಕೇ ಆಮೆನ್ ಅಂದ. ಸತ್ತ ಮೇಲೂ ನಿಮ್ದೇನಾ? ಆಗಲ್ಲ ಅಂದ್ರೆ ಹೇಳಿ, ಬೀದೀಲಿ ನಿಂತು ಹೇಳ್ತೀನಿ!"

"ಬೀದೀಲಿ ನಿಂಗೆ ಆಮೆನ್ ಅನ್ನೋರು ಯಾರೋ, ಬಸ್ ಕಂಡಕ್ಟರಾ?" ಹಿಂದಿನಿಂದ ಒಬ್ಬ ನಕ್ಕ.

ಮಗ ಅವನ ಮೇಲೆ ನುಗ್ಗಿದ. ಹಿರಿಯರು ಅಡ್ಡ ಬಂದು ನಕ್ಕವನನ್ನೇ ಗದರಿದರು. "ಸಾವಾದ ಮನೆಯವನ ಹತ್ರ ಹಿಂಗಾ ಮಾತಾಡೋದು?" ಆಮೇಲೆ ಮಗನ ಕಡೆ ತಿರುಗಿದರು. "ಆಯ್ತಪ್ಪ, ನಿಮ್ದೇ ಆಗ್ಲಿ. ಶುರು ಮಾಡು."

ಮಗ ಒಳಗೆ ಹೋದ; ಕೂತಿದ್ದವರೆಲ್ಲ ಎದ್ದು ನಿಂತು ಕಾದರು. ಗೆದ್ದ ಬಿಸಿಯಲ್ಲೇ ಮಗ ಕಣ್ಣು ಮುಚ್ಚಿ ದನಿ ಎತ್ತಿದ.

ಬಾಯಿಂದ ಬಂದದ್ದು, ಹುಟ್ಟಿದಾಗಿನಿಂದ ಇಲ್ಲೇ ಕೇಳಿ ಬೆಳೆದಿದ್ದ ಬಾಗ್ದಾದಿನವರ ರಾಗ.