ಎಡಗಡೆಯ ಸುರುಳಿ

“ಎತ್ತೋ ಜೆಲಿಗ್, ಆಚೆ ಚೀಸ್‌ಕೇಕ್ ಕಾಯ್ತಿದೆ!” ಹಿಂದಿನಿಂದ ಗೆಳೆಯ ಬೆರೆಲ್ ಕಿಚಾಯಿಸಿದ. ಯೆಹೂದಿಗಳ ಪವಿತ್ರ ಗ್ರಂಥ ಟೋರಾದ ಜೋಡಿ ಸುರುಳಿಯ ಎರಡೂ ಹಿಡಿಗಳನ್ನು ಹಿಡಿದಿದ್ದ ಜೆಲಿಗ್‌ನ ಅಂಗೈ ಮೆಲ್ಬರ್ನ್‌ನ ಚಳಿಯಲ್ಲೂ ಬೆವೆತಿತ್ತು. ಶಾವುವೋತ್ ಹಬ್ಬದ ದಿನ ಹತ್ತು ಆಜ್ಞೆಗಳನ್ನು ಓದಿ ಮುಗಿಸಿ ಎಲ್ಲರಿಗೂ ಕಾಣುವಂತೆ ಗ್ರಂಥ ಎತ್ತುವಾಗ, ಇನ್ನೂ ಓದದೆ ಉಳಿದ ಭಾಗವೆಲ್ಲ ಇರುವ ಎಡಗಡೆಯ ಸುರುಳಿಯೇ ಹೆಚ್ಚು ಭಾರ. ಅವನ ಎಡಗೈಗೋ ಈಚೆಗೆ ನಡುಕ; ಹೆಂಡತಿಗೂ ಹೇಳಿರಲಿಲ್ಲ. ಟೋರಾ ಕೆಳಗೆ ಬಿದ್ದರೆ ಸಿನಗಾಗ್ ಪ್ರಾರ್ಥನಾ ಮಂದಿರದಲ್ಲಿ ಇದ್ದವರೆಲ್ಲ ನಲವತ್ತು ದಿನ ಉಪವಾಸ ಮಾಡಬೇಕು.

ಎತ್ತಿದ. ಸುರುಳಿ ತಲೆಯ ಮೇಲಕ್ಕೆ ಏರುತ್ತಿದ್ದಂತೆ ಎಡಗೈ ಅದುರಿತು, ಹಿಡಿ ಜಾರಿತು.

ಸುರುಳಿ ಬೀಳಲಿಲ್ಲ. ಅದರ ಕೆಳಗೆ ಬೆರೆಲ್‌ನ ಅಂಗೈ ಆಗಲೇ ಇತ್ತು.

“ಉಪವಾಸ ನನ್ ಕೈಲಾಗಲ್ಲಪ್ಪ,” ಬೆರೆಲ್ ಪಿಸುಗುಟ್ಟಿದ. “ಪಾಸೋವರ್ ಹಬ್ಬದ ಊಟದಲ್ಲಿ ವೈನ್ ಚೆಲ್ಲಿದ್ಯಲ್ಲ, ಆವತ್ತಿಂದ ನಿನ್ನ ಎಡಗೈ ಮೇಲೇ ಕಣ್ಣಿಟ್ಟಿದೀನಿ.”